ಸಹಿ ಹಾಕದಿದ್ದರೆ ಏನಾಗುತ್ತದೆ?

ಕಳೆದ ವರ್ಷ ನಮ್ಮ ತಂಡಕ್ಕೆ ಅಮೆರಿಕದ ಒಂದು ಬ್ಯಾಂಕಿನ ಕೆಲಸ ಬಂತು. ಐಟಿಯಲ್ಲಿ ದುಡಿಯುವವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಬ್ಯಾಕ್‌ಗ್ರೌಂಡ್ ಚೆಕ್, ಅದರ ಬಾಲಕ್ಕೆ ಡ್ರಗ್ ಟೆಸ್ಟ್. ಹನ್ನೊಂದು ಜನರ ಹೆಸರಿಗೆ ಹನ್ನೊಂದು ಫಾರ್ಮು ಬಂತು. ಸಹಿ ಹಾಕಿಸಿ ಕಳಿಸುವ ಜವಾಬ್ದಾರಿ ಪ್ರಾಜೆಕ್ಟ್ ಮ್ಯಾನೇಜರನಾದ ನನ್ನದು.

ತಂಡದಲ್ಲಿ ಗದಗದ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಪುಣೆಗೆ ಬಂದು ಎರಡು ವರ್ಷವಾಗಿದೆ. ಸುತ್ತ ಯಾರೂ ಇಲ್ಲದಾಗ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾಳೆ. ಫಾರ್ಮು ಹಿಡಿದುಕೊಂಡು ಬಂದು ಕೇಳಿದಳು: "ಸರ್, ಸಹಿ ಮಾಡಲಿಲ್ಲಂದ್ರ ಏನಾಗ್ತದ್ರೀ?"

"ಏನೂ ಆಗಲ್ಲಮ್ಮ. ಈ ಪ್ರಾಜೆಕ್ಟ್ ಸಿಗಲ್ಲ, ಅಷ್ಟೆ" ಅಂದೆ.

ನಕ್ಕು ಸಹಿ ಹಾಕಿದಳು. ಅವಳ ಹಿಂಜರಿಕೆ ಏನಿತ್ತೆಂದು ನನಗೆ ಆಮೇಲೆ ತಿಳಿಯಿತು. ಡ್ರಗ್ಸ್ ಮಾತಿರಲಿ, ಆಕೆ ಟೀ ಕೂಡ ಕುಡಿಯುವುದಿಲ್ಲ. ಫಾರ್ಮಿನ ಕೆಳಗೆ ಒಂದು ಸಾಲಿತ್ತು: ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳನ್ನೆಲ್ಲ ಬರೆಯಿರಿ. ತಾನು ಯಾವ ಮಾತ್ರೆ ನುಂಗುತ್ತೇನೆಂಬುದು ಆಫೀಸಿನಲ್ಲಿ ಯಾರಿಗೂ ಗೊತ್ತಾಗುವುದು ಆಕೆಗೆ ಬೇಕಿರಲಿಲ್ಲ. ಅಂದು ಸಂಜೆ ಮನೆಗೆ ಹೋಗುವಾಗ ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದ ಆ "ಅಷ್ಟೆ" ನನ್ನನ್ನೇ ಚುಚ್ಚತೊಡಗಿತು.

ಇದೇ ಪ್ರಶ್ನೆಯನ್ನು 1987ರಲ್ಲಿ ಅಮೆರಿಕದ ಒಬ್ಬ ಕಾಲೇಜು ವಿದ್ಯಾರ್ಥಿನಿ ಕೋರ್ಟಿಗೆ ಒಯ್ದಿದ್ದಳು. ಕಾಲೇಜು ಕ್ರೀಡಾಪಟುಗಳ ಮದ್ದು ಪರೀಕ್ಷೆಯ ಬಗ್ಗೆ ಓದುತ್ತಾ ಹೋದಂತೆ ನನಗೆ ಅದು ಮದ್ದಿನ ಇತಿಹಾಸಕ್ಕಿಂತ ಹೆಚ್ಚಾಗಿ ಸಹಿಯ ಇತಿಹಾಸವೆಂದು ಕಂಡಿತು. ಅದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ವಿದ್ಯಾರ್ಥಿಯೋ, ಆಟಗಾರನೋ?

ನಮಗೆ ಕಾಲೇಜು ಕ್ರೀಡೆ ಎಂದರೆ ಅಂತರ ಕಾಲೇಜು ಕಬಡ್ಡಿ, ಸುಣ್ಣದ ಗೆರೆ ಎಳೆದ ಮೈದಾನ, ಕೊನೆಗೊಂದು ಸ್ಟೀಲಿನ ಕಪ್ಪು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಕಾಲೇಜು ಫುಟ್‌ಬಾಲ್ ನೋಡಲು ಜನ ಒಂದು ಲಕ್ಷ ಮೀರುವ ಸೀಟಿನ ಸ್ಟೇಡಿಯಂ ತುಂಬುತ್ತಾರೆ. ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂ ಅಂಥದ್ದು. ಟಿವಿ ಹಕ್ಕು, ಜಾಹೀರಾತು, ಕೋಚ್‌ಗಳ ಸಂಬಳ ಎಲ್ಲ ಸೇರಿ ಅದೊಂದು ದೊಡ್ಡ ಉದ್ಯಮ. ಈ ಲೋಕವನ್ನು ಆಳುವ ಸಂಸ್ಥೆಯ ಹೆಸರು ಎನ್‌ಸಿಎಎ. 1905ರಲ್ಲಿ ಕಾಲೇಜು ಫುಟ್‌ಬಾಲ್ ಆಡುತ್ತಾ ಹುಡುಗರು ಸತ್ತಾಗ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕಾಲೇಜುಗಳ ಪ್ರತಿನಿಧಿಗಳನ್ನು ಕರೆಸಿ ಆಟವನ್ನು ಸುಧಾರಿಸಿ ಎಂದರು. ಅದರ ಫಲವಾಗಿ 1906ರಲ್ಲಿ ಈ ಸಂಸ್ಥೆ ಹುಟ್ಟಿತು. ಅದರ ಬುಡದಲ್ಲಿ ಇದ್ದದ್ದು ಆಟಗಾರನ ಜೀವದ ಕಾಳಜಿ ಎಂಬುದನ್ನು ನೆನಪಿಟ್ಟುಕೊಳ್ಳೋಣ.

ಅರ್ಧ ಶತಮಾನ ಕಳೆದ ಮೇಲೆ ಅದೇ ಸಂಸ್ಥೆ ಒಂದು ಹೊಸ ಪದ ಹುಟ್ಟಿಸಿತು: ಸ್ಟೂಡೆಂಟ್-ಅಥ್ಲೀಟ್, ಅಂದರೆ ವಿದ್ಯಾರ್ಥಿ-ಕ್ರೀಡಾಪಟು. ಕೇಳಲು ಮುಗ್ಧವಾದ ಪದ. ಆದರೆ ಎನ್‌ಸಿಎಎಯ ಮುಖ್ಯಸ್ಥರಾಗಿ ಮೂವತ್ತಾರು ವರ್ಷ ದುಡಿದ ವಾಲ್ಟರ್ ಬೈಯರ್ಸ್, ನಿವೃತ್ತಿಯ ನಂತರ 1995ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಅದರ ಗುಟ್ಟು ಬಿಟ್ಟುಕೊಟ್ಟರು. ಆಟದಲ್ಲಿ ಪೆಟ್ಟಾದವರು "ನಾವು ಕಾಲೇಜಿನ ನೌಕರರು, ಪರಿಹಾರ ಕೊಡಿ" ಎಂದು ಕೇಳಬಾರದೆಂದೇ ಆ ಪದವನ್ನು ರೂಢಿಗೆ ತಂದದ್ದು. 1955ರಲ್ಲಿ ಕೊಲೊರಾಡೊದ ಒಂದು ಸಣ್ಣ ಕಾಲೇಜಿನ ಆಟಗಾರ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಏಟು ಬಿದ್ದು ತೀರಿಕೊಂಡ. ಅವನ ಹೆಂಡತಿ ಕಾರ್ಮಿಕರಿಗೆ ಸಿಗುವ ಪರಿಹಾರ ಕೇಳಿದಳು. 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅವಳ ಅರ್ಜಿಯನ್ನು ತಳ್ಳಿಹಾಕಿತು.

ಇಷ್ಟು ಹಿನ್ನೆಲೆ ಏಕೆಂದರೆ ಮುಂದೆ ಪರೀಕ್ಷೆಯ ಮಾತು ಬಂದಾಗ ಈ ಪದವೇ ಆಟಗಾರರ ಕೈ ಕಟ್ಟಿಹಾಕಿತು. ಅವರು ನೌಕರರಲ್ಲ, ಹಾಗಾಗಿ ಯೂನಿಯನ್ ಇಲ್ಲ. ಬರೀ ವಿದ್ಯಾರ್ಥಿಗಳೂ ಅಲ್ಲ, ಹಾಗಾಗಿ ಪಕ್ಕದ ಬೆಂಚಿನವರಿಗಿಲ್ಲದ ನಿಯಮಗಳು ಇವರಿಗೆ.

ಒಂದು ಲೋಟ, ಎರಡು ಪ್ರಶ್ನೆ

ಒಲಿಂಪಿಕ್ಸ್‌ನಲ್ಲಿ 1968ರಿಂದ ಉದ್ದೀಪನ ಮದ್ದಿನ ಪರೀಕ್ಷೆ ನಡೆಯುತ್ತಿತ್ತು. ಸ್ನಾಯು ಬೆಳೆಸುವ ಸ್ಟೀರಾಯ್ಡ್‌ಗಳನ್ನು 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಹುಡುಕತೊಡಗಿದರು. ಆದರೂ ಪರೀಕ್ಷೆ ಎಂದರೆ ಯಾರಿಗೂ ಅಷ್ಟೇನೂ ಭಯವಿರಲಿಲ್ಲ. ಭಯ ಹುಟ್ಟಿದ್ದು 1983ರಲ್ಲಿ, ವೆನೆಜುವೆಲಾದ ಕರಾಕಸ್‌ನಲ್ಲಿ ನಡೆದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ. ಜರ್ಮನಿಯ ರಸಾಯನಶಾಸ್ತ್ರಜ್ಞ ಮ್ಯಾನ್‌ಫ್ರೆಡ್ ಡೊನಿಕೆ ಸ್ಟೀರಾಯ್ಡ್‌ನ ಸಣ್ಣ ಕುರುಹನ್ನೂ ಹಿಡಿಯಬಲ್ಲ ಉಪಕರಣಗಳನ್ನು ಅಲ್ಲಿ ಬಳಸಿದರು. ವೇಟ್‌ಲಿಫ್ಟರ್‌ಗಳ ಪದಕಗಳು ಒಂದೊಂದಾಗಿ ವಾಪಸಾದವು. ಸುದ್ದಿ ಹಬ್ಬಿದ ಕೂಡಲೇ ಅಮೆರಿಕದ ಹನ್ನೆರಡರಷ್ಟು ಅಥ್ಲೀಟ್‌ಗಳು ಸ್ಪರ್ಧೆಗೇ ಇಳಿಯದೆ ವಿಮಾನ ಹತ್ತಿ ಮನೆಗೆ ಹೋದರು. ತಮ್ಮ ದೇಶದ ಕ್ರೀಡೆಯಲ್ಲಿ ಮದ್ದು ಎಷ್ಟು ಒಳಗೆ ಇಳಿದಿದೆ ಎಂಬುದು ಅಮೆರಿಕದ ಜನರಿಗೆ ಗೊತ್ತಾದದ್ದು ಆಗ.

ಎನ್‌ಸಿಎಎ 1973ರಲ್ಲೇ ಆಟಗಾರರು ಮದ್ದು ಬಳಸಬಾರದೆಂಬ ನಿಯಮ ಮಾಡಿತ್ತು. ಪರೀಕ್ಷೆ ಮಾತ್ರ ಇರಲಿಲ್ಲ. 1986ರ ಜನವರಿಯ ವಾರ್ಷಿಕ ಸಮಾವೇಶದಲ್ಲಿ ಸದಸ್ಯ ಕಾಲೇಜುಗಳು ಪರೀಕ್ಷೆಗೆ ಒಪ್ಪಿಗೆ ಕೊಟ್ಟವು. ಚಾಂಪಿಯನ್‌ಶಿಪ್‌ಗಳಲ್ಲಿ ಮತ್ತು ಋತುವಿನ ಕೊನೆಯ ದೊಡ್ಡ ಫುಟ್‌ಬಾಲ್ ಪಂದ್ಯಗಳಲ್ಲಿ ಆಟಗಾರರ ಮೂತ್ರ ಪರೀಕ್ಷೆ ನಡೆಯಬೇಕೆಂದು ತೀರ್ಮಾನವಾಯಿತು.

ಐದು ತಿಂಗಳ ನಂತರ ಇಡೀ ದೇಶವನ್ನು ಅಲುಗಾಡಿಸಿದ ಸಾವೊಂದು ಸಂಭವಿಸಿತು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಾರೆ ಲೆನ್ ಬಯಾಸ್‌ನನ್ನು ಬಾಸ್ಟನ್ ಸೆಲ್ಟಿಕ್ಸ್ ತಂಡ ಜೂನ್ 17ರಂದು ಆರಿಸಿಕೊಂಡಿತು. ಜೂನ್ 19ರ ಬೆಳಿಗ್ಗೆ ಕೊಕೇನ್ ಸೇವನೆಯಿಂದ ಆತ ಸತ್ತ. ವಯಸ್ಸು 22. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಸಂಸತ್ತು ಮಾದಕ ವಸ್ತುಗಳ ವಿರುದ್ಧ ಕಠಿಣ ಕಾಯಿದೆ ತಂದಿತು. ಎನ್‌ಸಿಎಎಯ ಪರೀಕ್ಷೆ ಬಯಾಸ್ ಸಾವಿಗಿಂತ ಮೊದಲೇ ನಿರ್ಧಾರವಾಗಿತ್ತು ನಿಜ. ಆದರೆ ಆ ಸಾವಿನ ನಂತರ "ಪರೀಕ್ಷೆ ಬೇಕೆ?" ಎಂದು ಕೇಳುವುದೇ ಕಷ್ಟವಾಯಿತು.

ಇಲ್ಲಿ ಒಂದು ಗೊಂದಲವೂ ಸೇರಿಕೊಂಡಿತು. ಸ್ಟೀರಾಯ್ಡ್ ತೆಗೆದುಕೊಂಡವನು ಎದುರಾಳಿಗೆ ಮೋಸ ಮಾಡುತ್ತಾನೆ. ಗಾಂಜಾ ಅಥವಾ ಕೊಕೇನ್ ತೆಗೆದುಕೊಂಡವನು ಮುಖ್ಯವಾಗಿ ತನಗೇ ಕೇಡು ಮಾಡಿಕೊಳ್ಳುತ್ತಾನೆ. ಒಂದು ನ್ಯಾಯದ ಪ್ರಶ್ನೆ, ಇನ್ನೊಂದು ಆರೋಗ್ಯ ಮತ್ತು ನಡತೆಯ ಪ್ರಶ್ನೆ. ಎರಡನ್ನೂ ಒಂದೇ ಲೋಟದ ಮೂತ್ರದಲ್ಲಿ ಹುಡುಕಿ, ಸಿಕ್ಕವರಿಗೆಲ್ಲ ಆಟದಿಂದ ಹೊರಹಾಕುವ ಶಿಕ್ಷೆಯನ್ನೇ ಕೊಟ್ಟರು. ಚಟಕ್ಕೆ ಬಿದ್ದ ಹುಡುಗನಿಗೆ ಬೇಕಾದದ್ದು ಡಾಕ್ಟರು. ಅವನಿಗೆ ಸಿಕ್ಕಿದ್ದು ಅಂಪೈರು.

ಮೊದಲ ವರ್ಷವೇ ದೊಡ್ಡ ಹೆಸರೊಂದು ಸಿಕ್ಕಿತು. ಒಕ್ಲಹೋಮಾ ವಿಶ್ವವಿದ್ಯಾಲಯದ ಬ್ರಯಾನ್ ಬಾಸ್ವರ್ತ್ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು 1987ರ ಜನವರಿ 1ರ ಆರೆಂಜ್ ಬೌಲ್ ಪಂದ್ಯದಿಂದ ಹೊರಬಿದ್ದ. ಎನ್‌ಸಿಎಎಯ ನಾಲ್ಕು ಅಕ್ಷರಗಳಿಗೆ ಬೇರೆ ಅರ್ಥ ಹಚ್ಚಿ, ಅವರನ್ನು ಆಟಗಾರರ ವಿರುದ್ಧದ ಕಮ್ಯುನಿಸ್ಟರೆಂದು ಜರೆಯುವ ಟೀ ಶರ್ಟ್ ತೊಟ್ಟು ಮೈದಾನದ ಅಂಚಿನಲ್ಲಿ ನಿಂತ. ದೇಶವೆಲ್ಲ ನೋಡಿತು. ಪರೀಕ್ಷೆಯನ್ನು ವಿರೋಧಿಸುವವರೆಲ್ಲ ಮದ್ದು ತಿಂದವರೇ ಎಂಬ ಅಭಿಪ್ರಾಯ ಬಲವಾಗಲು ಇಂಥದ್ದೊಂದು ಚಿತ್ರ ಸಾಕಿತ್ತು.

ಸ್ಟ್ಯಾನ್‌ಫರ್ಡಿನ ಡೈವರ್

ಆ ಅಭಿಪ್ರಾಯಕ್ಕೆ ಒಗ್ಗದ ಒಬ್ಬಳು ಇದ್ದಳು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೈವಿಂಗ್ ತಂಡದ ನಾಯಕಿ ಸಿಮೋನ್ ಲೆವಾಂಟ್. ಮದ್ದು ಬಳಸಿದ್ದಾಳೆಂದು ಅವಳ ಮೇಲೆ ಯಾರ ಆರೋಪವೂ ಇರಲಿಲ್ಲ. ಅವಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ, ಅಷ್ಟೆ. ಸಹಿ ಇಲ್ಲದೆ ಯಾವ ಆಟಗಾರರೂ ಸ್ಪರ್ಧಿಸುವಂತಿರಲಿಲ್ಲ.

ಆ ಪರೀಕ್ಷೆ ಹೇಗೆ ನಡೆಯುತ್ತಿತ್ತೆಂದು ತಿಳಿದರೆ ಅವಳ ಮಾತು ಅರ್ಥವಾಗುತ್ತದೆ. ಸ್ಪರ್ಧೆ ಮುಗಿದ ಮೇಲೆ ಆಯ್ಕೆಯಾದ ಆಟಗಾರ್ತಿಗೆ ಚೀಟಿ ಕೊಡುತ್ತಾರೆ. ನಿಗದಿತ ಹೊತ್ತಿನೊಳಗೆ ಪರೀಕ್ಷಾ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಒಬ್ಬ ಮಹಿಳಾ ಸಿಬ್ಬಂದಿ ಎದುರಿಗೆ ನಿಂತು ನೋಡುತ್ತಿರುವಾಗಲೇ ಮೂತ್ರ ಕೊಡಬೇಕು. ಬರದಿದ್ದರೆ ನೀರು ಕುಡಿಯುತ್ತಾ ಬರುವವರೆಗೆ ಅಲ್ಲೇ ಕೂತಿರಬೇಕು. ಸ್ಯಾಂಪಲ್ಲನ್ನು ಎ ಮತ್ತು ಬಿ ಎಂಬ ಎರಡು ಬಾಟಲಿಗೆ ಹಂಚಿ, ಹೆಸರಿನ ಬದಲು ಸಂಖ್ಯೆ ಬರೆದು, ಮುದ್ರೆ ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಎ ಬಾಟಲಿಯಲ್ಲಿ ಮದ್ದು ಕಂಡರೆ ಬಿ ಬಾಟಲಿಯನ್ನು ಪರೀಕ್ಷಿಸುತ್ತಾರೆ. ಅದರಲ್ಲೂ ಕಂಡರೆ ಕನಿಷ್ಠ 90 ದಿನ ಆಟವಿಲ್ಲ.

ಎರಡು ಬಾಟಲಿ ಏಕೆ ಎಂಬುದಕ್ಕೆ ನಮ್ಮಂಥ ಲೆಕ್ಕದವರಿಗೆ ಉತ್ತರ ಸುಲಭ. ಸಾವಿರ ಆಟಗಾರರಲ್ಲಿ ಹತ್ತು ಜನ ಮದ್ದು ಬಳಸಿದ್ದಾರೆ ಎಂದುಕೊಳ್ಳಿ. ನೂರಕ್ಕೆ 99 ಸಲ ಸರಿ ಹೇಳುವ ಪರೀಕ್ಷೆಯನ್ನೇ ಮಾಡಿದರೂ ಆ ಹತ್ತು ಜನರ ಜೊತೆಗೆ ಏನೂ ತಿನ್ನದ ಹತ್ತು ಜನ ಸಿಕ್ಕಿಬೀಳುತ್ತಾರೆ. ಆದ್ದರಿಂದ ಮೊದಲ ಪರೀಕ್ಷೆಯ ಫಲಿತಾಂಶವನ್ನೇ ತೀರ್ಪೆಂದು ಕೊಳ್ಳುವಂತಿಲ್ಲ, ಹೆಚ್ಚು ಖಚಿತವಾದ ವಿಧಾನದಿಂದ ಮತ್ತೆ ನೋಡಲೇಬೇಕು.

ಎದುರಿಗೆ ನಿಂತು ನೋಡುವುದಕ್ಕೂ ಕಾರಣವಿತ್ತು. ಬೇರೆಯವರ ಮೂತ್ರವನ್ನು ಬಚ್ಚಿಟ್ಟುಕೊಂಡು ಬಂದು ಬದಲಿಸುವವರು ಇದ್ದರು. ಆದರೆ ಇಪ್ಪತ್ತರ ಹುಡುಗಿಯೊಬ್ಬಳಿಗೆ ಅಪರಿಚಿತರ ಕಣ್ಣೆದುರು ಹಾಗೆ ಕೂರುವುದು ಹೇಗಿರುತ್ತದೆ? ಜೊತೆಗೆ ನಿಷೇಧಿತ ಪಟ್ಟಿಯಲ್ಲಿ ನೆಗಡಿ ಔಷಧಿಗಳಲ್ಲಿರುವ ಎಫಿಡ್ರಿನ್‌ನಂಥವೂ ಇದ್ದವು. ಮಿತಿ ಮೀರಿದರೆ ಕಾಫಿಯ ಕೆಫೀನ್ ಕೂಡ ತಪ್ಪು. ಹಾಗಾಗಿ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಗದಗದ ಹುಡುಗಿಯ ಕೈಯಲ್ಲಿದ್ದ ಫಾರ್ಮಿನ ಕೆಳಗಿನ ಸಾಲು ನನಗೆ ಮತ್ತೆ ನೆನಪಾದದ್ದು ಇಲ್ಲಿ.

1987ರ ಆರಂಭದಲ್ಲಿ ಲೆವಾಂಟ್ ಕೋರ್ಟಿಗೆ ಹೋದಳು. ಪರೀಕ್ಷೆಯಿಲ್ಲದೆಯೇ ಅವಳು ಸ್ಪರ್ಧಿಸಬಹುದೆಂದು ಸಾಂತಾ ಕ್ಲಾರಾ ಕೌಂಟಿಯ ನ್ಯಾಯಾಧೀಶರು ತಡೆಯಾಜ್ಞೆ ಕೊಟ್ಟರು. ಅವಳ ಓದು ಮುಗಿದಾಗ ಮೊಕದ್ದಮೆಯನ್ನು ಅದೇ ವಿಶ್ವವಿದ್ಯಾಲಯದ ಇಬ್ಬರು ಮುಂದುವರಿಸಿದರು. ಒಬ್ಬಳು ಸಾಕರ್ ಆಟಗಾರ್ತಿ ಜೆನಿಫರ್ ಹಿಲ್, ಇನ್ನೊಬ್ಬ ಫುಟ್‌ಬಾಲ್ ಆಟಗಾರ ಬ್ಯಾರಿ ಮೆಕೀವರ್. ವಿಶೇಷವೆಂದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವೇ ತನ್ನ ವಿದ್ಯಾರ್ಥಿಗಳ ಪರವಾಗಿ ಮೊಕದ್ದಮೆಯಲ್ಲಿ ಸೇರಿಕೊಂಡಿತು. ಸಂಸ್ಥೆಯೊಂದು ತನ್ನ ಹುಡುಗರ ಬೆನ್ನಿಗೆ ಹೀಗೆ ನಿಲ್ಲುವುದು ಅಪರೂಪ.

ಅವರ ಬಲ ಇದ್ದದ್ದು ಕ್ಯಾಲಿಫೋರ್ನಿಯಾದ ಸಂವಿಧಾನದಲ್ಲಿ. 1972ರಲ್ಲಿ ಆ ರಾಜ್ಯದ ಮತದಾರರು ತಾವೇ ಮತ ಹಾಕಿ ಖಾಸಗಿತನದ ಹಕ್ಕನ್ನು ತಮ್ಮ ಸಂವಿಧಾನಕ್ಕೆ ಸೇರಿಸಿದ್ದರು. ಇಷ್ಟು ದೊಡ್ಡ ಹಕ್ಕನ್ನು ಮುರಿಯಲು ಬೇಕಾದಷ್ಟು ಬಲವಾದ ಕಾರಣವನ್ನು ಎನ್‌ಸಿಎಎ ತೋರಿಸಿಲ್ಲ ಎಂದು 1988ರಲ್ಲಿ ವಿಚಾರಣಾ ನ್ಯಾಯಾಲಯ ಹೇಳಿ, ಸ್ಟ್ಯಾನ್‌ಫರ್ಡಿನ ಆಟಗಾರರನ್ನು ಪರೀಕ್ಷಿಸದಂತೆ ಶಾಶ್ವತವಾಗಿ ತಡೆಯಿತು. ಪರೀಕ್ಷೆಯ ಮೊದಲ ವರ್ಷದ ಅಂಕಿಗಳೂ ಎನ್‌ಸಿಎಎಗೆ ನೆರವಾಗಲಿಲ್ಲ. ಮೂರೂವರೆ ಸಾವಿರದಷ್ಟು ಆಟಗಾರರನ್ನು ಪರೀಕ್ಷಿಸಿದಾಗ ಸಿಕ್ಕಿಬಿದ್ದವರು ನೂರಕ್ಕೆ ಒಬ್ಬರ ಆಸುಪಾಸು. 1990ರಲ್ಲಿ ಮೇಲ್ಮನವಿಯಲ್ಲೂ ವಿದ್ಯಾರ್ಥಿಗಳೇ ಗೆದ್ದರು.

ಯೂನಿಯನ್ ಇದ್ದವರ ಕಥೆ

ಇಲ್ಲಿ ಸ್ವಲ್ಪ ಪಕ್ಕಕ್ಕೆ ನೋಡಬೇಕು. ಕಾಲೇಜು ಮುಗಿಸಿದ ಫುಟ್‌ಬಾಲ್ ಆಟಗಾರರು ಸೇರುವುದು ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗಿಗೆ. ಅದೇ 1986ರಲ್ಲಿ ಆ ಲೀಗಿನ ಕಮಿಷನರ್ ಪೀಟ್ ರೊಜೆಲ್ ಕೂಡ ಆಟಗಾರರನ್ನು ಮುನ್ಸೂಚನೆ ಇಲ್ಲದೆ ಪರೀಕ್ಷಿಸುವ ಯೋಜನೆ ಪ್ರಕಟಿಸಿದರು. ಆಟಗಾರರ ಯೂನಿಯನ್ ಅದನ್ನು ಪ್ರಶ್ನಿಸಿತು. ಯೂನಿಯನ್ ಜೊತೆ ಮಾತಾಡಿ ಒಪ್ಪಿಸದೆ ಹೀಗೆ ಹೇರುವಂತಿಲ್ಲ ಎಂದು ಮಧ್ಯಸ್ಥಗಾರರು ಅದನ್ನು ಅಕ್ಟೋಬರಿನಲ್ಲಿ ತಡೆದರು.

ಒಂದೇ ವರ್ಷ, ಒಂದೇ ಆಟ, ಒಂದೇ ಲೋಟ. ಲಕ್ಷಗಟ್ಟಲೆ ಡಾಲರ್ ಸಂಬಳ ಪಡೆಯುವವನ ಒಪ್ಪಿಗೆ ಕೇಳಲು ಮೇಜಿನ ಆಚೆ ಒಬ್ಬ ಪ್ರತಿನಿಧಿ ಇದ್ದ. ಸಂಬಳವೇ ಇಲ್ಲದ ಕಾಲೇಜು ಹುಡುಗನ ಎದುರು ಇದ್ದದ್ದು ಫಾರ್ಮು ಮತ್ತು ಪೆನ್ನು. 1950ರ ದಶಕದ ಆ ಮುಗ್ಧ ಪದ ಮೂವತ್ತು ವರ್ಷದ ನಂತರ ಹೀಗೆ ಕೆಲಸಕ್ಕೆ ಬಂತು.

ಎರಡು ರಾಜ್ಯ, ಎರಡು ಉತ್ತರ

1993ರ ನವೆಂಬರಿನಲ್ಲಿ ಕೊಲೊರಾಡೊ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಕೊಲೊರಾಡೊ ವಿಶ್ವವಿದ್ಯಾಲಯ 1984ರಿಂದ ತನ್ನದೇ ಆದ ಪರೀಕ್ಷಾ ಪದ್ಧತಿ ನಡೆಸುತ್ತಿತ್ತು. ಡರ್ಡೈನ್ ಎಂಬ ವಿದ್ಯಾರ್ಥಿಯ ಹೆಸರಿನಲ್ಲಿ ಆಟಗಾರರು ಅದನ್ನು ಪ್ರಶ್ನಿಸಿದ್ದರು. ಯಾವ ಅನುಮಾನವೂ ಇಲ್ಲದೆ ಎಲ್ಲರನ್ನೂ ಪರೀಕ್ಷಿಸುವುದು ಅಕಾರಣ ಶೋಧದಿಂದ ನಾಗರಿಕರನ್ನು ಕಾಪಾಡುವ ಸಂವಿಧಾನದ ನಿಯಮಕ್ಕೆ ವಿರುದ್ಧ ಎಂದು ಕೋರ್ಟ್ ಹೇಳಿತು. ಮಕ್ಕಳೆಲ್ಲ ಸಹಿ ಹಾಕಿದ್ದಾರಲ್ಲ ಎಂಬ ವಿಶ್ವವಿದ್ಯಾಲಯದ ವಾದವನ್ನು ಅದು ಒಪ್ಪಲಿಲ್ಲ. ಸಹಿ ಹಾಕದಿದ್ದರೆ ಆಟವೇ ಇಲ್ಲ ಎನ್ನುವಾಗ ಆ ಸಹಿಯನ್ನು ಸ್ವಇಚ್ಛೆಯ ಒಪ್ಪಿಗೆ ಎನ್ನಲಾಗದು ಎಂಬುದು ಅದರ ನಿಲುವು.

ಮೂರು ತಿಂಗಳೂ ಕಳೆದಿರಲಿಲ್ಲ. 1994ರ ಜನವರಿ 28ರಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಹಿಲ್ ಮೊಕದ್ದಮೆಯ ತೀರ್ಪು ಕೊಟ್ಟಿತು. ಈ ಸಲ ವಿದ್ಯಾರ್ಥಿಗಳು ಸೋತರು. ಖಾಸಗಿತನದ ಹಕ್ಕು ಸರ್ಕಾರದ ಎದುರು ಮಾತ್ರವಲ್ಲ, ಎನ್‌ಸಿಎಎಯಂಥ ಖಾಸಗಿ ಸಂಸ್ಥೆಗಳ ಎದುರೂ ಇದೆ ಎಂದು ಮುಖ್ಯ ನ್ಯಾಯಮೂರ್ತಿ ಮಾಲ್ಕಮ್ ಲೂಕಸ್ ಮೊದಲು ಒಪ್ಪಿಕೊಂಡರು. ಇದು ದೊಡ್ಡ ಮಾತು. ಆದರೆ ಕ್ರೀಡಾಪಟುಗಳು ಇಟ್ಟುಕೊಳ್ಳಬಹುದಾದ ಖಾಸಗಿತನದ ನಿರೀಕ್ಷೆಯೇ ಕಡಿಮೆ ಎಂದು ಮುಂದೆ ಬರೆದರು. ಅವರು ಡಾಕ್ಟರ ಎದುರು ಪದೇಪದೇ ದೇಹ ತಪಾಸಣೆ ಮಾಡಿಸಿಕೊಳ್ಳುತ್ತಾರೆ, ಎಲ್ಲರ ನಡುವೆ ಬಟ್ಟೆ ಬದಲಿಸುತ್ತಾರೆ, ಗಾಯ ನೋವುಗಳನ್ನು ಕೋಚ್‌ಗೆ ಹೇಳುತ್ತಾರೆ. ಪರೀಕ್ಷೆಯ ವಿಷಯ ಮೊದಲೇ ತಿಳಿಸಲಾಗಿತ್ತು, ಒಪ್ಪಿಗೆಯನ್ನೂ ಪಡೆಯಲಾಗಿತ್ತು. ಆಟ ಯಾರ ಮೇಲೂ ಕಡ್ಡಾಯವಲ್ಲ. ಇನ್ನೊಂದು ಕಡೆ ಸ್ಪರ್ಧೆಯ ಪ್ರಾಮಾಣಿಕತೆ ಮತ್ತು ಆಟಗಾರರ ಆರೋಗ್ಯವಿದೆ. ತಕ್ಕಡಿ ಆ ಕಡೆಗೆ ವಾಲಿತು. ನ್ಯಾಯಮೂರ್ತಿ ಸ್ಟ್ಯಾನ್ಲಿ ಮೊಸ್ಕ್ ಭಿನ್ನ ತೀರ್ಪು ಬರೆದು, ಜನ ಮತ ಹಾಕಿ ಪಡೆದ ಹಕ್ಕನ್ನೇ ಬಹುಮತದ ತೀರ್ಪು ಇಲ್ಲವಾಗಿಸಿದೆ ಎಂದು ಕಟುವಾಗಿ ಆಕ್ಷೇಪಿಸಿದರು.

ಈ ಎರಡು ತೀರ್ಪುಗಳ ನಡುವೆ ಕಾನೂನಿನ ವ್ಯತ್ಯಾಸವಿದೆ. ಕೊಲೊರಾಡೊದಲ್ಲಿ ಪರೀಕ್ಷಿಸಿದ್ದು ಸರ್ಕಾರಿ ವಿಶ್ವವಿದ್ಯಾಲಯ, ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಸಂಸ್ಥೆ. ಆದರೆ ಸಹಿ ಹಾಕುವ ಹುಡುಗಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಒಂದೇ ಬಗೆಯ ಸಹಿಯನ್ನು ಒಂದು ಕೋರ್ಟ್ ಒತ್ತಾಯವೆಂದು ಓದಿತು, ಇನ್ನೊಂದು ಒಪ್ಪಿಗೆಯೆಂದು ಓದಿತು.

ಮುಂದೆ ದೇಶ ಹಿಡಿದದ್ದು ಎರಡನೆಯ ದಾರಿ. ಕಾಲೇಜಿನಿಂದ ಪರೀಕ್ಷೆ ಶಾಲೆಗೆ ಇಳಿಯಿತು. ಓರೆಗಾನ್ ರಾಜ್ಯದ ವರ್ನೋನಿಯಾ ಎಂಬ ಸಣ್ಣ ಊರಿನಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಶಾಲೆಯ ಫುಟ್‌ಬಾಲ್ ತಂಡಕ್ಕೆ ಹೆಸರು ಕೊಟ್ಟ. ಅವನ ಅಪ್ಪ ಅಮ್ಮ ಪರೀಕ್ಷೆಯ ಫಾರ್ಮಿಗೆ ಸಹಿ ಹಾಕಲಿಲ್ಲ. 1995ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6–3 ಬಹುಮತದಿಂದ ಶಾಲೆಯ ಪರ ತೀರ್ಪು ಕೊಟ್ಟಿತು. ಕ್ರೀಡಾಪಟುವಿಗೆ ಖಾಸಗಿತನ ಕಡಿಮೆ ಎಂಬ ವಾದ ಅಲ್ಲೂ ಇತ್ತು. 2002ರಲ್ಲಿ ಒಕ್ಲಹೋಮಾದ ಇನ್ನೊಂದು ಶಾಲೆಯ ಮೊಕದ್ದಮೆಯಲ್ಲಿ 5–4 ಬಹುಮತದಿಂದ ಅದು ಹಾಡು, ಕ್ವಿಜ್‌ನಂಥ ಪಠ್ಯೇತರ ಚಟುವಟಿಕೆಗಳಿಗೂ ವಿಸ್ತರಿಸಿತು. ಬಟ್ಟೆ ಬದಲಿಸುವ ಕೋಣೆಯಿಂದ ಹೊರಟ ವಾದ ಹದಿನೈದು ವರ್ಷದೊಳಗೆ ಹಾಡುವ ಮಕ್ಕಳವರೆಗೆ ಬಂದಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. 2024ರ ಜೂನ್‌ನಲ್ಲಿ ಎನ್‌ಸಿಎಎಯ ಮೇಲಿನ ವಿಭಾಗ ಗಾಂಜಾವನ್ನು ನಿಷೇಧಿತ ಪಟ್ಟಿಯಿಂದ ತೆಗೆದುಹಾಕಿತು. ಅದು ಆಟದಲ್ಲಿ ಮೇಲುಗೈ ಕೊಡುವ ಮದ್ದಲ್ಲ, ಶಿಕ್ಷೆಗಿಂತ ತಿಳಿವಳಿಕೆ ಮತ್ತು ಚಿಕಿತ್ಸೆ ಒಳ್ಳೆಯದು ಎಂಬುದು ಕೊಟ್ಟ ಕಾರಣ. ಒಂದು ಲೋಟದಲ್ಲಿ ಎರಡು ಪ್ರಶ್ನೆ ಕೇಳಬಾರದಿತ್ತು ಎಂದು ಒಪ್ಪಿಕೊಳ್ಳಲು 38 ವರ್ಷ ಬೇಕಾಯಿತು. ಆ ನಡುವೆ ಗಾಂಜಾಕ್ಕಾಗಿ ಆಟ ಕಳೆದುಕೊಂಡವರಿಗೆ ಆ ಋತುಗಳು ಮರಳಿ ಸಿಗಲಾರವು.

ನಮ್ಮ ಮೈದಾನ

ಇಲ್ಲಿಯವರೆಗೆ ಓದಿದವರು ನಾನು ಪರೀಕ್ಷೆಯ ವಿರೋಧಿ ಎಂದುಕೊಳ್ಳಬಹುದು. ಅಲ್ಲ. 2023ರ ಸೆಪ್ಟೆಂಬರಿನಲ್ಲಿ ದಿಲ್ಲಿಯಲ್ಲಿ ನಡೆದದ್ದು ನೆನಪಿದೆಯೇ? ರಾಜ್ಯ ಮಟ್ಟದ ಅಥ್ಲೆಟಿಕ್ಸ್ ಕೂಟಕ್ಕೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದ ಅಧಿಕಾರಿಗಳು ಬಂದಿದ್ದಾರೆಂಬ ಸುದ್ದಿ ಹಬ್ಬಿತು. ಪುರುಷರ 100 ಮೀಟರ್ ಫೈನಲ್‌ಗೆ ಬಂದದ್ದು ಒಬ್ಬನೇ ಓಟಗಾರ. ಜಾಗತಿಕ ಸಂಸ್ಥೆ ವಾಡಾದ ಅಂಕಿಗಳ ಪ್ರಕಾರ 2023ರಲ್ಲಿ ಭಾರತದಲ್ಲಿ 5,606 ಸ್ಯಾಂಪಲ್ ಪರೀಕ್ಷಿಸಿದಾಗ 213ರಲ್ಲಿ ನಿಷೇಧಿತ ವಸ್ತು ಸಿಕ್ಕಿತು, ಅಂದರೆ ನೂರಕ್ಕೆ 3.8. ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ನಡೆಸುವ ದೇಶಗಳಲ್ಲಿ ಇದೇ ಅತಿ ಹೆಚ್ಚು. ನಮ್ಮಲ್ಲಿ ಒಂದು ಪದಕವೆಂದರೆ ಕ್ರೀಡಾ ಕೋಟಾದ ಸೀಟು, ರೈಲ್ವೆ ಅಥವಾ ಪೊಲೀಸ್ ಇಲಾಖೆಯ ನೌಕರಿ, ಇಡೀ ಮನೆಯ ಅನ್ನ. ಅಲ್ಲಿ ಮೋಸ ಮಾಡಿದವನು ಪಕ್ಕದ ಲೇನಿನಲ್ಲಿ ಪ್ರಾಮಾಣಿಕವಾಗಿ ಓಡಿದ ಬಡವರ ಮನೆ ಹುಡುಗನ ಅನ್ನವನ್ನೇ ಕಿತ್ತುಕೊಳ್ಳುತ್ತಾನೆ. ಪರೀಕ್ಷೆ ಆ ಹುಡುಗನ ಹಕ್ಕು.

ಆದರೆ ಸಹಿ ಯಾರದು, ಹೊಣೆ ಯಾರದು ಎಂಬ ಪ್ರಶ್ನೆ ಇಲ್ಲೂ ಇದೆ. 2010ರ ಕಾಮನ್‌ವೆಲ್ತ್ ಮತ್ತು ಏಷ್ಯನ್ ಕ್ರೀಡಾಕೂಟಗಳಲ್ಲಿ ರಿಲೇ ಚಿನ್ನ ಗೆದ್ದ ಓಟಗಾರ್ತಿಯರಲ್ಲಿ ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಇದ್ದರು. 2011ರಲ್ಲಿ ಆ ತಂಡದ ಹಲವರು ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ವಿದೇಶಿ ಕೋಚ್ ಕೊಟ್ಟ ಜಿನ್ಸೆಂಗ್ ಪೂರಕದಲ್ಲಿ ಅದು ಸೇರಿತ್ತು ಎಂಬುದು ಅವರ ವಾದ. ಇಲ್ಲಿನ ಸಮಿತಿ ಒಂದು ವರ್ಷದ ನಿಷೇಧ ಹಾಕಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ದೇಹದೊಳಗೆ ಏನಿದೆಯೋ ಅದಕ್ಕೆ ಆಟಗಾರರೇ ಹೊಣೆ ಎಂಬುದು ಈ ಕಾನೂನಿನ ಬುನಾದಿ. ಲೋಟದಲ್ಲಿ ಸಿಗುವುದು ಆಟಗಾರನ ಮೂತ್ರ ಮಾತ್ರ. ಪುಡಿ ಕಲಸಿ ಕೊಟ್ಟವನ ಗುರುತು ಅದರಲ್ಲಿರುವುದಿಲ್ಲ.

ಇಲ್ಲ ಎನ್ನುವ ಶಕ್ತಿಯೂ ಎಲ್ಲರಿಗೂ ಒಂದೇ ಅಲ್ಲ. ಆಟಗಾರರು ಎಲ್ಲಿರುತ್ತಾರೆಂದು ಮುಂಚಿತವಾಗಿ ತಿಳಿಸಬೇಕೆಂಬ ವಾಡಾ ನಿಯಮವನ್ನು 2009ರಲ್ಲಿ ನಮ್ಮ ಕ್ರಿಕೆಟ್ ಮಂಡಳಿ ಖಾಸಗಿತನ ಮತ್ತು ಭದ್ರತೆಯ ಹೆಸರಿನಲ್ಲಿ ಒಪ್ಪಲಿಲ್ಲ. ನಾಡಾ ವ್ಯಾಪ್ತಿಗೆ ಕ್ರಿಕೆಟ್ ಬಂದದ್ದು 2019ರಲ್ಲಿ. ಹತ್ತು ವರ್ಷ ಬೇಡವೆನ್ನಲು ಅವರ ಬೆನ್ನಿಗೆ ಮಂಡಳಿ ಇತ್ತು. ವಿಶ್ವವಿದ್ಯಾಲಯ ಕೂಟದಲ್ಲಿ ಓಡುವ ಹಾವೇರಿಯ ಹುಡುಗಿಗೆ ಯಾರಿದ್ದಾರೆ?

ಖಾಸಗಿತನದ ಕಾನೂನಿಗೂ ಕನ್ನಡನಾಡಿಗೂ ನಂಟಿದೆ. ಆರೋಪಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿದ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2022ರಲ್ಲಿ ಉದ್ದೀಪನ ಮದ್ದು ತಡೆಗೆಂದೇ ನಮ್ಮ ಸಂಸತ್ತು ಕಾಯಿದೆಯನ್ನೂ ಮಾಡಿತು. ಹೀಗೆ ಪರೀಕ್ಷಿಸುವ ಅಧಿಕಾರವೂ ಇದೆ, ಖಾಸಗಿತನದ ಹಕ್ಕೂ ಇದೆ. ಇವೆರಡೂ ಎದುರುಬದುರಾಗುವ ಜಾಗ ಮಾತ್ರ ಇಂದಿಗೂ ಫಾರ್ಮಿನ ಕೊನೆಯ ಗೆರೆಯೇ.

ಮತ್ತೆ ಆ ಫಾರ್ಮು

ಲೆವಾಂಟ್, ಹಿಲ್ ಅವರ ಕಥೆಯಿಂದ ನನಗೆ ತಿಳಿದದ್ದು ಇಷ್ಟು. ಪರೀಕ್ಷೆ ಸರಿಯೋ ತಪ್ಪೋ ಎಂಬುದನ್ನು ಸಹಿ ತೀರ್ಮಾನಿಸುವುದಿಲ್ಲ. ಪರೀಕ್ಷೆಗೆ ಒಳ್ಳೆಯ ಕಾರಣವಿದ್ದರೆ ಆ ಕಾರಣವನ್ನೇ ಹೇಳಬೇಕು. "ನೀವೇ ಸಹಿ ಹಾಕಿದ್ದೀರಲ್ಲ" ಎಂಬುದು ಕಾರಣವಲ್ಲ. ಏನನ್ನು ಹುಡುಕುತ್ತೀರಿ, ಏಕೆ, ಫಲಿತಾಂಶ ಯಾರ ಕೈಗೆ ಹೋಗುತ್ತದೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ತಪ್ಪಾದರೆ ಯಾರ ಬಳಿ ಹೋಗಬೇಕು ಎಂಬುದಕ್ಕೆ ಉತ್ತರ ಸಿಕ್ಕ ಮೇಲೆ ಹಾಕಿದ ಸಹಿಗೆ ಮಾತ್ರ ಒಪ್ಪಿಗೆಯ ಬೆಲೆ ಇರುತ್ತದೆ.

ಈ ಐದು ಪ್ರಶ್ನೆಗಳನ್ನು ನಾನು ತಡವಾಗಿಯೇ ಆದರೂ ನಮ್ಮ ಆಡಳಿತ ವಿಭಾಗಕ್ಕೆ ಬರೆದು ಕಳಿಸಿದೆ. ಎರಡು ವಾರದ ನಂತರ ಮೂರಕ್ಕೆ ಉತ್ತರ ಬಂತು. ಔಷಧಿಗಳ ಪಟ್ಟಿಯನ್ನು ಫಾರ್ಮಿನಲ್ಲಿ ತುಂಬಬೇಕಾಗಿಲ್ಲ, ಪರೀಕ್ಷೆಯಲ್ಲಿ ಏನಾದರೂ ಕಂಡರೆ ಲ್ಯಾಬಿನ ಡಾಕ್ಟರಿಗೆ ನೇರವಾಗಿ ಹೇಳಿದರೆ ಸಾಕು ಎಂಬುದು ಅವುಗಳಲ್ಲೊಂದು. ಅದನ್ನು ಮೊದಲೇ ಕೇಳಿದ್ದರೆ ಆ ಹುಡುಗಿ ಬರೆಯಬೇಕಾಗಿರಲಿಲ್ಲ.

ಉಳಿದ ಎರಡು ಪ್ರಶ್ನೆಗಳನ್ನು ಮತ್ತೆ ಕಳಿಸಿದ್ದೇನೆ. ಅವಳಿಗೂ ವಿಷಯ ತಿಳಿಸಿದೆ. "ಇರ್ಲಿ ಬಿಡ್ರಿ ಸರ್, ಮುಂದಿನ ಸಲ ಬರೋರಿಗೆ ಅನುಕೂಲ ಆಗ್ತದ" ಅಂದಳು. ಲೆವಾಂಟ್ ಮೊಕದ್ದಮೆಯನ್ನು ಮುಂದುವರಿಸಿದವರು ಅವಳ ನಂತರ ಬಂದವರು ಎಂಬುದು ಅವಳಿಗೆ ಗೊತ್ತಿರಲಿಲ್ಲ. ನಾನೂ ಆಗ ಹೇಳಲಿಲ್ಲ. ಈಗ ಇಲ್ಲಿ ಬರೆದಿದ್ದೇನೆ, ಓದುತ್ತಾಳೆ.